ಬರೆಸಿದ್ದು ಸಾಕು, ಇನ್ನು ಮಕ್ಕಳೇ ಬರೆಯಲಿ

ಹೊಸೂರಿನ ಯಾವುದಾದರೂ ಪುಸ್ತಕದಂಗಡಿಗೆ ಹೋಗಿ ಹತ್ತನೇ ತರಗತಿಯ ಸಮಾಜ ವಿಜ್ಞಾನದ ಗೈಡ್ ಕೇಳಿ ನೋಡಿ. ತಮಿಳಿನದು ಬೇಕೆಂದರೆ ಮೂರ್ನಾಲ್ಕು ಕಂಪನಿಯದ್ದು ತಂದು ಎದುರಿಗೆ ಹರಡುತ್ತಾರೆ. ಇಂಗ್ಲಿಷಿನದೂ ಅಷ್ಟೇ. ಕನ್ನಡದ್ದು ಎಂದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಸರಿ, ಜೂಜುವಾಡಿ ದಾಟಿ ಅತ್ತಿಬೆಲೆಗೋ ಆನೇಕಲ್ಲಿಗೋ ಹೋಗೋಣ ಎಂದರೆ ಅಲ್ಲಿ ಕನ್ನಡ ಗೈಡುಗಳ ರಾಶಿಯೇ ಇದೆ. ಆದರೆ ಅವೆಲ್ಲ ಕರ್ನಾಟಕದ ಪಠ್ಯಕ್ಕೆ ಬರೆದವು. ನಮ್ಮ ಮಕ್ಕಳ ಪುಸ್ತಕದಲ್ಲಿ ಕಟ್ಟಬೊಮ್ಮನ್ ಇದ್ದಾರೆ, 1806ರ ವೆಲ್ಲೂರು ದಂಗೆ ಇದೆ, 1916ರ ಜಸ್ಟಿಸ್ ಪಕ್ಷ ಇದೆ, 1925ರ ಸ್ವಾಭಿಮಾನ ಚಳವಳಿ ಇದೆ. ಅತ್ತಿಬೆಲೆಯ ಗೈಡಿನಲ್ಲಿ ಇವನ್ನು ಎಲ್ಲಿಂದ ಹುಡುಕುವುದು? ಪೆರಿಯಾರ್ ಅವರ ಮನೆಮಾತು ಕನ್ನಡ. ಆದರೂ ಅವರ ಪಾಠಕ್ಕೆ ಕನ್ನಡದಲ್ಲಿ ಒಂದು ಪುಟ ನೋಟ್ಸ್ ಸಿಗುವುದಿಲ್ಲ. ಇದಕ್ಕಿಂತ ವಿಚಿತ್ರ ಬೇರೆ ಬೇಕೆ?

ಭಾಷೆ ಆ ಕಡೆಯದು, ಪಠ್ಯ ಈ ಕಡೆಯದು. ನಡುವೆ ನಿಂತವರು ನಮ್ಮ ಮಕ್ಕಳು.

ಈ ಕೊರತೆಯನ್ನು ಇಷ್ಟು ವರ್ಷ ನಾವು ಮೇಷ್ಟ್ರುಗಳು ಹೇಗೆ ತುಂಬುತ್ತಿದ್ದೇವೆ? ಕರಿಹಲಗೆಯ ಮೇಲೆ ಬರೆಯುವುದು, ಮಕ್ಕಳು ಕಾಪಿ ಮಾಡುವುದು. ಬಾಗಲೂರಿನಲ್ಲಿ ನಾವು ಬರೆಯುತ್ತೇವೆ. ಅದೇ ಪಾಠಕ್ಕೆ ಅದೇ ವಾರ ಬೇರಿಕೆಯಲ್ಲಿ ಇನ್ನೊಬ್ಬರು, ತಳಿಯಲ್ಲಿ ಮತ್ತೊಬ್ಬರು, ಕಾಡು ದಾಟಿ ಈರೋಡು ಜಿಲ್ಲೆಯ ತಾಳವಾಡಿಯಲ್ಲಿ ಮಗದೊಬ್ಬರು ಬರೆಯುತ್ತಾರೆ. 2019ರಲ್ಲಿ ಹತ್ತನೇ ತರಗತಿಗೆ ಹೊಸ ಪಠ್ಯ ಬಂದಾಗ ಎಲ್ಲರೂ ಹಳೆಯ ನೋಟ್ಸ್ ಬದಿಗಿಟ್ಟು ಹೊಸದಾಗಿ ಶುರು ಮಾಡಿದೆವು. ಒಬ್ಬರದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿಲ್ಲ. ಮಾರ್ಚ್ ಕಳೆದ ಮೇಲೆ ಮಕ್ಕಳ ನೋಟ್‌ಬುಕ್ಕುಗಳು ಹಳೇ ಪೇಪರಿನವನ ತಕ್ಕಡಿಗೆ ಹೋಗುತ್ತವೆ. ಜೂನಿನಲ್ಲಿ ಮತ್ತೆ ಮೊದಲ ಪುಟದಿಂದ. ಇಷ್ಟು ದುಡಿಮೆ ಪ್ರತಿ ವರ್ಷ ಕಿಲೋ ಲೆಕ್ಕದಲ್ಲಿ ಹೋಗುವುದನ್ನು ನೋಡುತ್ತಾ ಕೂರುವುದಕ್ಕೆ ನಮಗೆ ಮನಸ್ಸಿಲ್ಲ.

ನಾವು ಹೇಳುವುದು ಇಷ್ಟೇ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಈ ಸಾಮಗ್ರಿಯನ್ನು ತಾವೇ ತಯಾರು ಮಾಡಬಲ್ಲರು. ಪಾಠದ ಸಾರಾಂಶ, ಚಿತ್ರ, ಪದಪಟ್ಟಿ, ಪ್ರಶ್ನೆಗಳು, ಓದಿ ರೆಕಾರ್ಡ್ ಮಾಡಿದ ಧ್ವನಿ, ಎಲ್ಲವನ್ನೂ. ಅದನ್ನು ಮೇಷ್ಟ್ರು ತಿದ್ದಿ ಅಂತರ್ಜಾಲದಲ್ಲಿ ಇಟ್ಟರೆ ತಮಿಳುನಾಡಿನ ಪ್ರತಿಯೊಂದು ಕನ್ನಡ ಮಾಧ್ಯಮ ಶಾಲೆಗೂ ಸಿಗುತ್ತದೆ. ಮುಂದಿನ ವರ್ಷದ ಮಕ್ಕಳು ಅದರ ಮೇಲೆ ಕಟ್ಟುತ್ತಾರೆ.

ಇದನ್ನು ಹೇಳಿದ ಕೂಡಲೇ ನಮ್ಮವರೇ ನಾಲ್ಕು ಮಾತು ಎತ್ತುತ್ತಾರೆ. ಒಂದೊಂದಾಗಿ ನೋಡೋಣ.

"ಅದು ಸರ್ಕಾರದ ಕೆಲಸ, ನಮ್ಮದಲ್ಲ."

ಪಠ್ಯಪುಸ್ತಕ ಕೊಡುವುದು ಸರ್ಕಾರದ ಕೆಲಸ, ಒಪ್ಪಿದೆವು. ಅದನ್ನು ಹೊತ್ತಿಗೆ ಸರಿಯಾಗಿ ಕೊಡಿ ಎಂದು ಕೇಳುವುದನ್ನು ನಾವು ಯಾವತ್ತೂ ಬಿಡಬಾರದು. ಆದರೆ ಪುಸ್ತಕದ ಸುತ್ತ ಬೇಕಾದ ನೂರೆಂಟು ಸಾಮಗ್ರಿಯನ್ನು ಬೇರೆ ಭಾಷೆಯವರಿಗೆ ಒದಗಿಸುತ್ತಿರುವುದು ಅಂಗಡಿ, ಟ್ಯೂಷನ್, ಯೂಟ್ಯೂಬ್. ಲಕ್ಷಗಟ್ಟಲೆ ಮಕ್ಕಳಿರುವ ಕಡೆ ವ್ಯಾಪಾರ ತಾನಾಗಿ ಬರುತ್ತದೆ. ನಮ್ಮಷ್ಟು ಸಣ್ಣ ಗುಂಪಿಗೆ ಯಾವ ಪ್ರಕಾಶಕನೂ ಕೈ ಸುಟ್ಟುಕೊಳ್ಳುವುದಿಲ್ಲ, ಅವನನ್ನು ಬೈದೂ ಪ್ರಯೋಜನವಿಲ್ಲ. ಕರ್ನಾಟಕದವರು ಮಾಡಿಕೊಡಲಿ ಎಂದು ಕಾಯುವವರೂ ಇದ್ದಾರೆ. ಕರ್ನಾಟಕದಲ್ಲಿ 2013ರಲ್ಲಿ ಶುರುವಾದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣ ಒಳ್ಳೆಯ ಕೆಲಸ. ಅಲ್ಲಿಯ ಶಿಕ್ಷಕರೇ ಸೇರಿ ವಿಕಿ ಮಾದರಿಯಲ್ಲಿ ಕಟ್ಟಿದ್ದು. ಗಣಿತ, ವಿಜ್ಞಾನದಲ್ಲಿ ನಮಗೂ ಅದರಿಂದ ಉಪಯೋಗವಿದೆ. ಆದರೆ ಅವರು ತಮ್ಮ ಪಠ್ಯಕ್ಕೆ ಬರೆದುಕೊಂಡಿದ್ದಾರೆ, ನಮ್ಮ ಪಠ್ಯಕ್ಕೆ ನಾವು ಬರೆದುಕೊಳ್ಳಬೇಕು. ಪಕ್ಕದ ಮನೆಯಲ್ಲಿ ಒಲೆ ಉರಿದರೆ ನಮ್ಮ ಮನೆಯ ಅನ್ನ ಬೇಯುತ್ತದೆಯೇ?

ಕನ್ನಡದಲ್ಲಿ ಜ್ಞಾನ ಬಂದದ್ದೇ ಹೀಗೆ, ಕಾಯದೆ ಕೂತವರಿಂದ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದಾಗ ಅವರಿಗೆ ಸಿದ್ಧ ಪರಿಭಾಷೆ ಇರಲಿಲ್ಲ, ಬರೆಯುತ್ತಾ ಪದ ಹುಟ್ಟಿಸಿಕೊಂಡರು. 1930ರ ದಶಕದಲ್ಲಿ ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ಒಬ್ಬ ಮನುಷ್ಯ ಅಷ್ಟು ಮಾಡಿದ ಭಾಷೆಯಲ್ಲಿ, ಲ್ಯಾಬು, ಕಂಪ್ಯೂಟರು ಎಲ್ಲ ಇಟ್ಟುಕೊಂಡು ನಲವತ್ತು ಮಕ್ಕಳ ಒಂದು ತರಗತಿ ಇಪ್ಪತ್ತು ಪಾಠಕ್ಕೆ ಸಾರಾಂಶ ಬರೆಯಲಾರದೆ?

"ಮಕ್ಕಳು ಬರೆದರೆ ತಪ್ಪಿರುತ್ತದೆ."

ಇರುತ್ತದೆ. ಬೆಲೆ ಕೊಟ್ಟು ತಂದ ಗೈಡಿನಲ್ಲೂ ಇರುತ್ತದೆ. ಒಂದು ವ್ಯತ್ಯಾಸ ಉಂಟು. ಗೈಡಿನ ತಪ್ಪನ್ನು ಮಗು ಬಾಯಿಪಾಠ ಮಾಡುತ್ತದೆ, ಸಹಪಾಠಿಯ ತಪ್ಪನ್ನು ಹುಡುಕುತ್ತದೆ! ನಮ್ಮ ತರಗತಿಯಲ್ಲಿ ನಾವು ಇಟ್ಟುಕೊಂಡಿರುವ ಕ್ರಮ ಹೀಗಿದೆ. ಪಾಠ ಮುಗಿದ ಮೇಲೆ ನಾಲ್ಕು ಗುಂಪು. ಒಂದು ಗುಂಪಿಗೆ ಒಂದು ಪುಟದ ಸಾರಾಂಶ, ಇನ್ನೊಂದಕ್ಕೆ ಚಿತ್ರ ಮತ್ತು ನಕ್ಷೆ, ಮತ್ತೊಂದಕ್ಕೆ ಪದಪಟ್ಟಿ, ನಾಲ್ಕನೆಯದಕ್ಕೆ ಪ್ರಶ್ನೋತ್ತರ. ಪ್ರತಿಯೊಂದು ವಾಕ್ಯಕ್ಕೂ ಪಠ್ಯಪುಸ್ತಕದ ಪುಟ ಸಂಖ್ಯೆ ಬರೆಯಲೇಬೇಕು. ಪುಟ ಸಂಖ್ಯೆ ಇಲ್ಲದ್ದು ಒಳಗೆ ಬರುವಂತಿಲ್ಲ. ಬರೆದದ್ದನ್ನು ಆ ಪಾಠದ ದಿನ ಶಾಲೆಗೆ ಬಾರದಿದ್ದ ಒಬ್ಬ ಹುಡುಗನಿಗೋ ಹುಡುಗಿಗೋ ಕೊಡುತ್ತೇವೆ. ಓದುತ್ತಾ ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲ್ ಗೆರೆ. ಆ ಗೆರೆ ಬಿದ್ದ ಕಡೆಯೆಲ್ಲ ಬರೆದ ಗುಂಪು ಮತ್ತೆ ಬರೆಯಬೇಕು. ಕೊನೆಗೆ ನಾವು ನೋಡುತ್ತೇವೆ. ಆಮೇಲೇ ಟೈಪಿಂಗ್.

ಈ ಪೆನ್ಸಿಲ್ ಗೆರೆಯಷ್ಟು ಚೆನ್ನಾಗಿ ಕಲಿಸುವ ಉಪಕರಣ ನಮಗೆ ಬೇರೆ ಗೊತ್ತಿಲ್ಲ. ನಾವು ಟಿ.ಸಿ.ಎಚ್. ಓದುವಾಗ ಪಾಠೋಪಕರಣ ಅಂದರೆ ಮೇಷ್ಟ್ರು ಮಾಡಿಕೊಂಡು ಬರುವುದು, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವುದು. ರಟ್ಟು, ಬಣ್ಣದ ಕಾಗದ, ಥರ್ಮೋಕೋಲು! ಅದನ್ನು ಮಾಡುವಾಗ ಕಲಿತವರು ನಾವು, ನೋಡಿದ ಮಕ್ಕಳಲ್ಲ. ಮಾಡಿದವನಿಗೇ ಕಲಿಕೆ ಎಂದಾದರೆ ಮಾಡುವ ಕೆಲಸವನ್ನು ಮಕ್ಕಳಿಗೆ ಕೊಡಬೇಡವೇ? ಕೈ ಕೆಸರಾದವರ ಬಾಯಿಗೆ ತಾನೇ ಮೊಸರು?

"ಹತ್ತನೇ ತರಗತಿಗೆ ಪರೀಕ್ಷೆ ಇದೆ, ಇದಕ್ಕೆಲ್ಲ ಹೊತ್ತೆಲ್ಲಿ?"

ಈ ಮಾತಾಡುವವರನ್ನು ಒಂದು ಕೇಳುತ್ತೇವೆ. ಕರಿಹಲಗೆಯಿಂದ ಉತ್ತರ ಕಾಪಿ ಮಾಡಿಸಲು ವಾರಕ್ಕೆ ಎಷ್ಟು ಪೀರಿಯಡ್ ಹೋಗುತ್ತಿದೆ? ಆ ಹೊತ್ತನ್ನೇ ಇದಕ್ಕೆ ತಿರುಗಿಸಿ, ಹೊಸದಾಗಿ ಒಂದು ನಿಮಿಷವೂ ಬೇಡ. ಸಾಬೂನು ಮತ್ತು ಡಿಟರ್ಜೆಂಟಿನ ಪಾಠ ತೆಗೆದುಕೊಳ್ಳಿ. 'ವ್ಯತ್ಯಾಸ ಬರೆಯಿರಿ' ಎಂಬ ಪ್ರಶ್ನೆಗೆ ಗೈಡಿನ ಉತ್ತರ ನಾಲ್ಕು ಸಾಲು. ನಮ್ಮ ಮಕ್ಕಳಿಗೆ ಆ ಪಾಠ ಊರ ಪಕ್ಕದಲ್ಲೇ ಹರಿಯುತ್ತಿದೆ. ನಂದಿ ಬೆಟ್ಟದಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳೆಯನ್ನು ಹೊತ್ತುಕೊಂಡು ಬಾಗಲೂರಿನ ಹತ್ತಿರವೇ ತಮಿಳುನಾಡಿಗೆ ಕಾಲಿಡುತ್ತದೆ. ಮುಂದೆ ಕೆಲವರಪಳ್ಳಿ ಅಣೆಕಟ್ಟಿನ ಹತ್ತಿರ ಬೆಟ್ಟದಂತೆ ನೊರೆ ಏಳುವುದನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಆ ನೊರೆ ಏಕೆ? ಡಿಟರ್ಜೆಂಟಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಹಾಗಾಗಿ ನೀರಿನ ಮೇಲ್ಮೈಗೆ ಬಂದು ನಿಲ್ಲುತ್ತದೆ, ಮೇಲ್ಮೈ ಎಳೆತ ಕಡಿಮೆಯಾಗುತ್ತದೆ, ನೀರು ಮೇಲಿಂದ ಧುಮುಕಿ ಗಾಳಿ ಸೇರಿದರೆ ನೊರೆ. ಇನ್ನು ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡದೆ ಬಿಳಿ ಗಷ್ಟು ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಆಗುವ ಗಷ್ಟು ಅದು. ಬೋರ್‌ವೆಲ್ ನೀರಿನಲ್ಲಿ ಬಟ್ಟೆ ಒಗೆಯುವ ಅಮ್ಮಂದಿರಿಗೆ ಈ ಗಷ್ಟು ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಹೀಗೆ ಬರೆದ ಮಗುವಿಗೆ ಆ ನಾಲ್ಕು ಸಾಲಿನ ಉತ್ತರ ಕಷ್ಟವಾಗುತ್ತದೆಯೇ?

ಇತಿಹಾಸದಲ್ಲೂ ಹಾಗೆಯೇ. ಪಾಳೆಯಗಾರರ ದಂಗೆಯ ಪಾಠ ತಿರುನೆಲ್ವೇಲಿ ಕಡೆಯ ಕಥೆ ಹೇಳುತ್ತದೆ. 1799ರಲ್ಲಿ ಕಯತ್ತಾರಿನಲ್ಲಿ ಕಟ್ಟಬೊಮ್ಮನನ್ನು ಗಲ್ಲಿಗೇರಿಸಿದ್ದು, 1801ರ ಮರುದು ಸಹೋದರರು, ಎಲ್ಲ. ಆದರೆ ಬಾಗಲೂರೂ ಪಾಳೆಯಗಾರರ ಊರೇ ಅಲ್ಲವೇ? 'ಪಾಳೆಯ' ಎಂದರೇನು ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ತಮ್ಮ ಊರಿನಿಂದಲೇ ಶುರು ಮಾಡಬಹುದು. ಹೊಸೂರು ಸುತ್ತಮುತ್ತಲ ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳ ಚಿತ್ರ ತೆಗೆದು ಒಂದು ಪುಟ ಮಾಡಬಹುದು. ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಕೂಲಿ ಮಾಡುವ ತಾಯಿತಂದೆಯರಿಂದ ಹನಿ ನೀರಾವರಿಯನ್ನೂ ಮಣ್ಣಿನ ಆಮ್ಲ-ಕ್ಷಾರ ನೋಡುವುದನ್ನೂ ಕೇಳಿ ಬರೆಯಬಹುದು. ಇಂಥ ಪುಟ ಚೆನ್ನೈಯಿಂದಲೂ ಬರುವುದಿಲ್ಲ, ಬೆಂಗಳೂರಿನಿಂದಲೂ ಬರುವುದಿಲ್ಲ.

"ಫೋನ್ ಮುಟ್ಟಬೇಡಿ ಅಂತ ನೀವೇ ಹೇಳ್ತಿದ್ರಲ್ಲಾ ಸಾರ್?"

ಇದು ಪೋಷಕರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಸಾಲ ಮಾಡಿ ಫೋನ್ ಕೊಡಿಸಿದವರು ಅವರೇ. ಟಿ.ವಿ.ಯ ತಮಿಳು ಪಾಠವನ್ನೋ ಚಂದನ ವಾಹಿನಿಯ ಕರ್ನಾಟಕದ ಪಾಠವನ್ನೋ ನೋಡಿ ತಮ್ಮ ಪುಸ್ತಕಕ್ಕೆ ಹೊಂದಿಸಿಕೊಳ್ಳುವ ಪಾಡು ಮಕ್ಕಳದ್ದಾಯಿತು. ಶಾಲೆ ತೆರೆಯಿತು, ಫೋನ್ ಮಾತ್ರ ಕೈಯಲ್ಲೇ ಉಳಿಯಿತು. ಈಗ ರೀಲ್ಸ್ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಪಾಠ ಬರೆಯುವುದಕ್ಕೆ ಮಾತ್ರ ಆಕ್ಷೇಪ! ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರುಂಟೇ?

ಆದರೂ ಪೋಷಕರ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಅದಕ್ಕೇ ಕಟ್ಟುನಿಟ್ಟು ಬೇಕು. ಬರವಣಿಗೆ ಕಾಗದದ ಮೇಲೆ, ಟೈಪಿಂಗ್ ಶಾಲೆಯ ಲ್ಯಾಬಿನಲ್ಲಿ, ಇಡುವವರು ಮೇಷ್ಟ್ರು. ಮಗುವಿನ ಹೆಸರಿನಲ್ಲಿ ಯಾವ ಖಾತೆಯೂ ಬೇಡ. ಮುಖ ಕಾಣುವ ಫೋಟೋ ಬೇಡ, ಪೂರ್ತಿ ಹೆಸರು ಬೇಡ, 'ಹತ್ತನೇ ತರಗತಿ ಮಕ್ಕಳು' ಎಂದರೆ ಸಾಕು. ಧ್ವನಿ ರೆಕಾರ್ಡ್ ಮಾಡುವುದಾದರೆ ತಂದೆತಾಯಿಯ ಸಹಿ ಪಡೆದೇ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಇನ್ನೊಂದು ಮಾತು. ಮಗು ಬರೆದ ಚಿತ್ರ ಮಗುವಿನದು. ಕೃತಿಸ್ವಾಮ್ಯಕ್ಕೆ ವಯಸ್ಸಿನ ಮಿತಿ ಇಲ್ಲ. ಮಕ್ಕಳ ಕೈಯಲ್ಲಿ ಬರೆಸಿ ಮೇಲೆ ತಮ್ಮ ಹೆಸರು, ತಮ್ಮ ಫೋಟೋ ಹಾಕಿಕೊಂಡು ಪ್ರಶಸ್ತಿಗೆ ಅರ್ಜಿ ಹಾಕುವ ಮೇಷ್ಟ್ರುಗಳಿದ್ದಾರೆ. ಅವರಿಗೆ ಇದು ಕೇಳಿಸಲಿ.

ಇತ್ತೀಚೆಗೆ ಐದನೆಯ ಮಾತೂ ಒಂದು ಸೇರಿದೆ: "ಈಗ ಎ.ಐ. ಇದೆಯಲ್ಲ, ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ." ಹೇಳುತ್ತದೆ, ಸರಿಯೋ ತಪ್ಪೋ ಧೈರ್ಯವಾಗಿ ಹೇಳುತ್ತದೆ. ಆದರೆ ನಮ್ಮ ಪುಸ್ತಕ ಯಾವ ಪದ ಬಳಸಿದೆ, ನಮ್ಮ ಮಗು ಎಲ್ಲಿ ತಡವರಿಸುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದು ಕೊಟ್ಟ ಉತ್ತರವನ್ನು ತೂಗಿ ನೋಡಲು ಪಾಠ ಗೊತ್ತಿರುವ ಮಗುವೇ ಬೇಕು. ಯಂತ್ರಕ್ಕೂ ಕನ್ನಡ ಬರುವುದು ಯಾರೋ ಬರೆದಿಟ್ಟ ಕನ್ನಡದಿಂದಲೇ. ಯಾರೂ ಬರೆಯದಿದ್ದರೆ ಅದು ತಾನೇ ಎಲ್ಲಿಂದ ತರುತ್ತದೆ? ಕನ್ನಡ, ತಮಿಳು ವಿಕಿಪೀಡಿಯಗಳು ಎರಡೂ ಶುರುವಾದದ್ದು 2003ರಲ್ಲಿ. ಇಂದು ತಮಿಳಿನದು ಒಂದೂವರೆ ಲಕ್ಷ ಲೇಖನ ದಾಟಿದೆ. ನಮ್ಮದು ಮೂವತ್ತು ಸಾವಿರದ ಆಚೆಗೆ ಹೆಚ್ಚೇನೂ ಹೋಗಿಲ್ಲ. ಬೈಕ್ ಮೇಲೆ ಬಾವುಟ ಕಟ್ಟಿಕೊಂಡು ಓಡಾಡಿದರೆ ಈ ಅಂತರ ಕಡಿಮೆಯಾಗುತ್ತದೆಯೇ? ಕೂತು ಬರೆದರೆ ಆಗುತ್ತದೆ.

ಇದೇನು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಫ್ರಾನ್ಸಿನಲ್ಲಿ ಸೆಲೆಸ್ತಾಂ ಫ್ರೆನೆ ಎಂಬ ಹಳ್ಳಿ ಮೇಷ್ಟ್ರಿದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟಾಗಿ ತರಗತಿಯಲ್ಲಿ ಹೆಚ್ಚು ಹೊತ್ತು ಮಾತಾಡಲು ಆಗುತ್ತಿರಲಿಲ್ಲ. 1924ರಲ್ಲಿ ಒಂದು ಸಣ್ಣ ಅಚ್ಚಿನ ಯಂತ್ರ ತಂದು ತರಗತಿಯಲ್ಲಿಟ್ಟರು. ಮಕ್ಕಳು ತಾವೇ ಬರೆದು, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ದೇಶದ ಇನ್ನೊಂದು ತುದಿಯ ಹಳ್ಳಿ ಶಾಲೆಗೆ ಅಂಚೆಯಲ್ಲಿ ಕಳುಹಿಸಿದರು, ಅಲ್ಲಿಂದ ಅವರದ್ದು ಇಲ್ಲಿಗೆ ಬಂತು. 1932ರಿಂದ ಹೀಗೆ ತರಗತಿಗಳಿಗಾಗಿ ಕಿರುಪುಸ್ತಕಗಳ ಮಾಲೆಯೇ ಹೊರಟಿತು. ಅದೇ ದೇಶದಲ್ಲಿ 2006ರಲ್ಲಿ 'ವಿಕಿದಿಯ' ಎಂಬ ಮಕ್ಕಳ ವಿಶ್ವಕೋಶ ಶುರುವಾಯಿತು. ಅದರಲ್ಲಿ ಮಕ್ಕಳೂ ಬರೆಯುತ್ತಾರೆ.

ಅಷ್ಟು ದೂರ ಬೇಡ, ಕೇರಳ ನೋಡಿ. 2009ರಲ್ಲೇ 'ಸ್ಕೂಲ್ ವಿಕಿ' ತಂದರು, ಪ್ರತಿ ಶಾಲೆಗೆ ಒಂದು ಪುಟ. 2018ರಲ್ಲಿ ಪ್ರೌಢಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಎಂಬ ಮಕ್ಕಳ ತಂಡ ಕಟ್ಟಿ ಕ್ಯಾಮೆರಾ, ಕಂಪ್ಯೂಟರ್, ಡಿಜಿಟಲ್ ಪತ್ರಿಕೆಯ ಕೆಲಸ ಕಲಿಸಿದರು. 2020ರ ಲಾಕ್‌ಡೌನಿನಲ್ಲಿ ಮಕ್ಕಳ ಹತ್ತಾರು ಸಾವಿರ ಬರಹಗಳನ್ನು ಆ ಸ್ಕೂಲ್ ವಿಕಿಗೆ ಏರಿಸಿದರು. ನಮ್ಮ ಹಾಗೆಯೇ ಗಡಿಯಾಚೆಗಿರುವ ಕಾಸರಗೋಡಿನ ಕನ್ನಡ ಶಾಲೆಗಳೂ ಅದೇ ರಾಜ್ಯದವು. ಅಲ್ಲಿ ಸರ್ಕಾರ ದಾರಿ ಮಾಡಿತು ಎನ್ನುತ್ತೀರಿ. ಸರಿ. ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೂ ಹೈಟೆಕ್ ಲ್ಯಾಬ್ ಬಂದಿದೆ. ಅದನ್ನು ಆನ್‌ಲೈನ್ ಪರೀಕ್ಷೆಗೂ ಅಂಕಿಅಂಶ ತುಂಬುವುದಕ್ಕೂ ಮಾತ್ರ ಮೀಸಲಿಡಬೇಕೆಂದು ಯಾರು ಹೇಳಿದರು?

ಮಾಡುತ್ತಿದ್ದೇವೆ ಎನ್ನುವವರಿಗೂ ಒಂದು ಮಾತು. ಅಂಗಡಿಯಿಂದ ತಂದ ಚಾರ್ಟನ್ನು ಮಗುವಿನ ಕೈಗೆ ಕೊಟ್ಟು ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕುವುದು ಕಲಿಕಾ ಸಾಮಗ್ರಿ ಅಲ್ಲ. ಗೈಡಿನ ಪುಟ ಸ್ಕ್ಯಾನ್ ಮಾಡಿ ಹಂಚುವುದು ಕಳ್ಳತನ. ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದು ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಒಂದೇ ದಿನದಲ್ಲಿ ಹೂತುಹೋಗುತ್ತದೆ, ತಾಳವಾಡಿಯ ಮಗುವಿಗೆ ಸಿಗುವುದಿಲ್ಲ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಚಿತ್ರ ಮಾಡಿ ಇಟ್ಟರೆ ಹುಡುಕಿದವರಿಗೆ ಕಾಣುವುದಿಲ್ಲ. ಯುನಿಕೋಡ್‌ನಲ್ಲೇ ಬರೆಯಿರಿ, ಪಾಠದ ಹೆಸರನ್ನು ಪುಸ್ತಕದಲ್ಲಿರುವಂತೆಯೇ ಕೊಡಿ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು ಎಂದು ಕೆಳಗೆ ಬರೆದಿಡಿ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ ಪದಪಟ್ಟಿಯಿಂದ ಎನ್ನುತ್ತೇವೆ. ನಮ್ಮ ಬಾಗಲೂರಿನ ಮಗು ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಆಡುತ್ತದೆ. 2006ರ ಕಾಯ್ದೆಯ ನಂತರ ತಮಿಳು ಓದುವುದೂ ಕಡ್ಡಾಯ, ಪ್ಲಸ್ ಒನ್ನಿಗೆ ಹೋದರೆ ಇಂಗ್ಲಿಷ್. ಇದನ್ನು ಎಲ್ಲರೂ ಮಗುವಿನ ಹೊರೆ ಎನ್ನುತ್ತಾರೆ. ನಾವು ಇದು ಮಗುವಿನ ಆಸ್ತಿ ಎನ್ನುತ್ತೇವೆ. ದ್ಯುತಿಸಂಶ್ಲೇಷಣೆ ಎಂಬ ಪದದ ಮುಂದೆ ತಮಿಳಿನ ಒಳಿಚ್ಚೇರ್ಕೈ, ತೆಲುಗಿನ ಕಿರಣಜನ್ಯ ಸಂಯೋಗಕ್ರಿಯ, ಇಂಗ್ಲಿಷಿನ ಫೋಟೋಸಿಂಥೆಸಿಸ್ ಬರೆಯಬಲ್ಲ ಮಕ್ಕಳು ಬೆಂಗಳೂರಿನ ದೊಡ್ಡ ಶಾಲೆಗಳಲ್ಲಿ ಎಷ್ಟು ಜನ ಸಿಕ್ಕಾರು? ತಮಿಳಿನಲ್ಲಿ 'ಒಳಿ' ಎಂದರೆ ಬೆಳಕು, 'ಚೇರ್ಕೈ' ಎಂದರೆ ಸೇರಿಕೆ ಎಂದು ಮಗು ಬಿಡಿಸಿ ಹೇಳಿದಾಗ ನಮ್ಮ ದ್ಯುತಿಸಂಶ್ಲೇಷಣೆಯೂ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ಲಸ್ ಒನ್ನಿನಲ್ಲಿ ಮಾಧ್ಯಮ ಬದಲಾಗಿ ಮಕ್ಕಳು ಸೋಲುವುದು ಹೆಚ್ಚಾಗಿ ಈ ಪದಗಳ ಮುಂದೆಯೇ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಲಿ.

ಕನ್ನಡ ಮಾಧ್ಯಮ ಬಿಡಿಸಿ ಇಂಗ್ಲಿಷ್ ಶಾಲೆಗೆ ಸೇರಿಸುವ ತಂದೆತಾಯಿಯರನ್ನು ನಾವು ವೇದಿಕೆ ಮೇಲೆ ನಿಂತು ಬೈಯುತ್ತೇವೆ. ಒಂದು ಸಲ ಅವರ ಜಾಗದಲ್ಲಿ ನಿಂತು ನೋಡಿ. ಮಗ ರಾತ್ರಿ ಒಂದು ಪಾಠ ಅರ್ಥವಾಗದೆ ಫೋನಿನಲ್ಲಿ ಹುಡುಕುತ್ತಾನೆ, ಅವನ ಭಾಷೆಯಲ್ಲಿ ಅವನ ಪಾಠ ಸಿಗುವುದಿಲ್ಲ. ಮುಂದಿನ ಜೂನಿನಲ್ಲಿ ಆ ತಂದೆ ಟಿ.ಸಿ. ಕೇಳಲು ಬಂದರೆ ನಾವು ಯಾವ ಮುಖ ಇಟ್ಟುಕೊಂಡು ಬೇಡ ಎನ್ನುವುದು? ಹೀಗೆ ಒಂದೊಂದೇ ಟಿ.ಸಿ. ಹೋಗಿ ಹಾಜರಿ ಪುಸ್ತಕ ತೆಳ್ಳಗಾಗುತ್ತದೆ, ತರಗತಿ ಮುಚ್ಚುತ್ತದೆ. ಮುಚ್ಚಿದ ತರಗತಿ ಮತ್ತೆ ತೆರೆಯುವುದು ಎಷ್ಟು ಕಷ್ಟ ಎಂದು ಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಶಾಲೆ, ಒಂದು ವರ್ಷ, ಒಂದು ವಿಷಯ. ಬೇರಿಕೆಯವರು ವಿಜ್ಞಾನ ಹಿಡಿಯಲಿ, ತಳಿಯವರು ಗಣಿತ ಹಿಡಿಯಲಿ, ತಾಳವಾಡಿಯವರು ಭೂಗೋಳ ಹಿಡಿಯಲಿ, ನಾವು ಇತಿಹಾಸ ಹಿಡಿಯುತ್ತೇವೆ. ಮಾರ್ಚಿನೊಳಗೆ ಒಟ್ಟು ಹಾಕೋಣ. ಮೊದಲ ವರ್ಷ ಅರೆಬರೆ ಇರುತ್ತದೆ, ಇರಲಿ. ಎರಡನೇ ವರ್ಷದ ಮಕ್ಕಳು ಮೊದಲ ವರ್ಷದವರ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಾರೆ.

ಬರುವ ಸೋಮವಾರ ನಿಮ್ಮ ತರಗತಿಯಲ್ಲಿ ಯಾವ ಪಾಠ ನಡೆಯುತ್ತಿದೆ? ಅದರಿಂದಲೇ ಹತ್ತು ಪದ ಆರಿಸಿ ಮಕ್ಕಳ ಕೈಗೆ ಕೊಡಿ. ಉಳಿದದ್ದನ್ನು ಅವರೇ ನಿಮಗೆ ಕಲಿಸುತ್ತಾರೆ. ಏನಂತೀರಿ?